ನಾಲ್ಕು ಬೆರಳು ಬಟ್ಟೆ

ಮಾರ್ಚ್ ೪, ಬೆಳಿಗ್ಗೆ

ಎರಡು ಪ್ಯಾಂಟಿಗೆ ಜಿಪ್ ಹಾಕಿದೆ. ಮೂರನೆಯದಕ್ಕೆ ಸೂಜಿ ಮುರಿಯಿತು. ಕೈ ಅಂಗಡಿಯಲ್ಲಿ, ಜೀವ ಆಸ್ಪತ್ರೆಯಲ್ಲಿ. ಚಿಕ್ಕ ಮಗಳಿಗೆ— ನಾವು 'ಗುಂಡಿ' ಎಂದು ಕರೆಯುವವಳಿಗೆ— ಮತ್ತೆ ಆಕ್ಸಿಜನ್. ಬೀದಿಯ ಮಕ್ಕಳಿಗೆಲ್ಲ ಬಂದುಹೋದ ಅದೇ ಚಿಕನ್‌ಪಾಕ್ಸ್— ಅವು ಆಗಲೇ ಹೊರಗೆ ಕುಣಿಯುತ್ತಿವೆ. ನಮ್ಮ ಗುಂಡಿಗೆ ಮಾತ್ರ ಶ್ವಾಸಕೋಶಕ್ಕೇ ಇಳಿದಿದೆ.

ಮಾರ್ಚ್ ೯

ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. "ವೈರಸ್ ಒಳಗೆ ಬಂದ್ರೆ ಮೊದಲು ಮೇಲೆ ಬೀಳೋ ಕಾವಲು ಸೆಲ್‌ಗಳಿರುತ್ತೆ. ಇವಳ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಹುಟ್ಟಿನಿಂದ್ಲೇ." ಈ ಸಲ ಉಳಿದರೂ ಮುಂದಿನ ವೈರಸ್ ಬಿಡುವುದಿಲ್ಲ. ಬೋನ್‌ಮ್ಯಾರೋ— ಬೇರೆಯವರ ಮೂಳೆಯ ಮಜ್ಜೆ— ಹಾಕಲೇಬೇಕು.

"ನಾನು ಬಸುರಿಯಾಗಿದ್ದಾಗ ಏನಾದ್ರೂ..." ಎಂದಳು ಹೆಂಡತಿ.

"ನಿಮ್ದೇನೂ ತಪ್ಪಿಲ್ಲಮ್ಮ."

ಪುಣ್ಯಾತ್ಗಿತ್ತಿ.

ಏಪ್ರಿಲ್ ೨

ಜ್ವರ ಇಳಿದಿದೆ. ದೊಡ್ಡ ಮಗಳದು ಮ್ಯಾಚ್ ಆಯಿತಂತೆ! "ನನ್ನ ಸೆಲ್ ಹೋದ್ರೆ ಅವಳೂ ಲೆಕ್ಕದಲ್ಲಿ ಫೇಲಾಗ್ತಾಳಾ ಅಪ್ಪಾ?" ನಕ್ಕೆ. ಆಮೇಲೆ ಅಂಗಡಿಯ ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಅತ್ತುಬಿಟ್ಟೆ.

ಏಪ್ರಿಲ್ ೨೦, ಮಧ್ಯಾಹ್ನ

ನಾಳೆ ಗುಂಡಿಯನ್ನು ಸೋಂಕು ತಾಗದ ಗಾಜಿನ ಕೋಣೆಗೆ ಸೇರಿಸುತ್ತಾರೆ. ಎದೆಯಲ್ಲಿ ನಳಿಕೆ ಇರುವುದರಿಂದ ಮುಂದೆ ಬಿಚ್ಚುವ ಫ್ರಾಕ್ ಬೇಕು. ಮೂರು ಹೊಲಿದು ಒಯ್ದೆ. ಹೆಂಡತಿ ಒಳಮಗ್ಗುಲು ತಿರುವಿ ನೋಡಿದಳು.

"ಪಕ್ಕದಲ್ಲಿ ಬಟ್ಟೆ ಬಿಟ್ಟಿಲ್ವಲ್ರೀ?"

ಊರ ಮಕ್ಕಳಿಗೆಲ್ಲ ಬಿಡುತ್ತೇನೆ. ಎರಡು ಬೆರಳು, ಒಳಗೆ ಮಡಚಿ. ಬೆಳೆಯುವ ಮೈ, ಬಿಚ್ಚಿ ಅಗಲ ಮಾಡಬಹುದು— ಅಪ್ಪ ಕಲಿಸಿದ್ದು. ನನ್ನ ಮಗಳಿಗೇ ಕೈ ತಪ್ಪಿತು. ಬೆಳೆಯುತ್ತಾಳೆಂಬ ನಂಬಿಕೆ ಕೈಗೆ ಇರಲಿಲ್ಲ.

"ಬಟ್ಟೆ ಸಾಲಲಿಲ್ಲ ಕಣೇ."

"ಟೈಲರ್ ಹೆಂಡ್ತಿ ಹತ್ರ ಈ ಸುಳ್ಳಾ? ಹೋಗಿ, ಬೇರೆ ಹೊಲ್ಕೊಂಡು ಬನ್ನಿ."

ಅವಳ ಕಣ್ಣು ತುಂಬಿತ್ತು. ನನ್ನದೂ.

ಸಂಜೆ

ಮೂರೂ ಹೊಸದು. ಈ ಸಲ ನಾಲ್ಕು ಬೆರಳು ಬಿಟ್ಟೆ. "ಇಷ್ಟು ಬಿಟ್ರೆ ಅವಳ ಮದುವೆಗೂ ಇದೇ ಆಗುತ್ತೆ," ಎಂದಳು ಹೆಂಡತಿ. ಆಗಲಿ.

ಮೇ ೨೮

ಅಕ್ಕನ ಸೆಲ್ ಹಾಕಿದ್ದಾಯಿತು. ಅದಕ್ಕೆ ಮೊದಲು ಕೊಟ್ಟ ಔಷಧಕ್ಕೆ ಕೂದಲೆಲ್ಲ ಉದುರಿದೆ, ಬಾಯಿ ತುಂಬ ಹುಣ್ಣು. ಆದರೂ ಗಾಜಿನಾಚೆಯಿಂದ ಅಕ್ಕನಿಗೆ ನಾಲಿಗೆ ಚಾಚಿದಳು. ಅಕ್ಕನೂ ಚಾಚಿದಳು. ಬದುಕಿದೆ ನಾನು.

ಸೆಪ್ಟೆಂಬರ್ ೧೧, ಬೆಳಿಗ್ಗೆ

ಗುಂಡಿ ಮನೆಯಲ್ಲಿದ್ದಾಳೆ. ಇನ್ನೂ ಮಾಸ್ಕು, ಕುದಿಸಿದ ನೀರು, ಬಂದವರಿಗೆಲ್ಲ ಬಾಗಿಲಲ್ಲೇ ನಮಸ್ಕಾರ. ಆದರೆ ಕಾವಲು ಸೆಲ್‌ಗಳು ಕೆಲಸಕ್ಕಿಳಿದಿವೆಯಂತೆ— ಡಾಕ್ಟರಮ್ಮ ನಿನ್ನೆ ಹೇಳಿದರು. ಇವತ್ತು ಅದೇ ನಾಲ್ಕು ಬೆರಳಿನ ಫ್ರಾಕ್ ಹಾಕುವಾಗ ಕಿರುಚಿದಳು. ಓಡಿದೆ.

"ಅಪ್ಪಾ, ಬಿಗಿ!"

ಕಂಕುಳಲ್ಲಿ ಬಿಗಿ. ಬಿಗಿ! ಹೆಂಡತಿ ಫ್ರಾಕನ್ನು ನನ್ನ ತೊಡೆಯ ಮೇಲೆ ಹಾಕಿದಳು. ಬಿಚ್ಚಲು ಕೂತೆ. ಹಾಳು ಕಣ್ಣೀರು, ದಾರವೇ ಕಾಣದು. ಅದಕ್ಕೇ ಒಂದು ನಿಮಿಷ ಪೆನ್ನು ಹಿಡಿದೆ. ಬರಿಮೈಯಲ್ಲಿ ನಿಂತು ಕೂಗುತ್ತಿದ್ದಾಳೆ... ಈಗ ಎರಡು ಬೆರಳು ಬಿಚ್ಚಿದರೆ ಸಾಕು, ಇನ್ನೆರಡು ಬರುವ ವರ್ಷಕ್ಕೆ— ಬಂದೆ ನನ್ನ ತಾಯಿ, ಬಂ