ಗಾಳಿ ಹೋದರೂ ಓಡುವ ಟಯರು

ದೋಹಾ ಅಲ್ ಜದೀದಾ
16 ಅಕ್ಟೋಬರ್ 1998, ಶುಕ್ರವಾರ

ಪ್ರೀತಿಯ ಪ್ರೇಮಕ್ಕಾ,

ನೀನು, ಅಮ್ಮ, ದೀಕ್ಷಿತಾ ಎಲ್ಲರೂ ಸೌಖ್ಯವಾ? ದೀಕ್ಷಿತಾಳ ಕೆಮ್ಮು ಕಡಿಮೆಯಾಯಿತಾ? ಐಸ್‌ಕ್ಯಾಂಡಿ ಕೊಡಬೇಡ ಎಂದರೆ ನೀನೇ ಕೊಡಿಸುತ್ತೀ ಎಂದು ಅಮ್ಮ ಬರೆಸಿದ್ದರು. ಬೀಡಿಯ ಗೆರಸಿ ಇಟ್ಟುಕೊಂಡು ಬೆಳಗಿನಿಂದ ಕೂತೇ ಇರಬೇಡ, ನಡುವೆ ಸ್ವಲ್ಪ ಎದ್ದು ನಡೆ. ನಾನು ಚೆನ್ನಾಗಿದ್ದೇನೆ. ಇಲ್ಲಿ ಸೆಕೆ ಇಳಿಯುತ್ತಾ ಬಂದಿದೆ. ಭಾವ ಈಗ ನನ್ನ ರೂಮಿನಲ್ಲೇ ಇದ್ದಾರೆ. ಊಟ ಮಾಡುತ್ತಾರೆ, ಆದರೆ ಮೊದಲಿನಷ್ಟಿಲ್ಲ. ಮೀನು ಮಾಡಿದರೆ ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ನಿನ್ನ ಕಾಗದ ಬಂತು. ಅದನ್ನು ಓದಿದ ಮೇಲೆ ನನಗೆ ಕೆಲಸದಲ್ಲಿ ಮನಸ್ಸೇ ಇಲ್ಲ. 'ನಿಜ ಹೇಳು ದುಗ್ಗು, ಅವರು ನಿದ್ರೆಗೆಟ್ಟು ಇಸ್ಪೀಟ್ ಆಡುತ್ತಿದ್ದರಾ? ಇಲ್ಲದಿದ್ದರೆ ಹಗಲು ಹೊತ್ತಲ್ಲಿ ಸ್ಟೇರಿಂಗ್ ಹಿಡಿದವರಿಗೆ ನಿದ್ರೆ ಹೇಗೆ ಬರುತ್ತದೆ?' ಎಂದು ಕೇಳಿದ್ದೀ. ಭಾವ ಇಸ್ಪೀಟ್ ಆಡುವುದಿಲ್ಲ ಅಕ್ಕಾ. ಅವರಿಗೆ ನಿದ್ರೆಯೂ ಬಂದಿರಲಿಲ್ಲ. ಎರಡನೆಯ ಮಾತು ಅವರಿಗೇ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಅವರ ಎದುರು ಹೇಳಲು ಬಾಯಿ ಬಾರದೆ ನಿನಗೆ ಬರೆಯುತ್ತಿದ್ದೇನೆ.

ಹೋದ ವರ್ಷದ ಬೇಸಿಗೆಯಲ್ಲಿ ಸಲ್ವಾ ರೋಡಿನಲ್ಲಿ ಕಾರು ಪಂಕ್ಚರ್ ಆಗಿ, ಭಾವ ಒಬ್ಬರೇ ಆ ಬಿಸಿಲಲ್ಲಿ ಟಯರ್ ಬದಲಿಸಿ ಸೊಂಟ ಹಿಡಿದು ಮಲಗಿದ್ದು ನಿನಗೆ ನೆನಪಿರಬಹುದು. ಆಗ ನೀನು, 'ಟಯರಿನ ಅಂಗಡಿಯಲ್ಲೇ ಇದ್ದೀಯಲ್ಲ, ಭಾವನಿಗೆ ಏನಾದರೂ ಒಂದು ದಾರಿ ಮಾಡು' ಎಂದು ಬರೆದಿದ್ದೆ. ಅದು ನನ್ನ ಮನಸ್ಸಿನಲ್ಲೇ ಕೂತಿತ್ತು. ಈ ವರ್ಷ ನಮ್ಮ ಅಂಗಡಿಗೆ ಹೊಸ ತರಹದ ನಾಲ್ಕು ಟಯರು ಬಂದವು. ಯಾರೋ ತಮ್ಮ ರೇಸಿನಂಥ ಕಾರಿಗೆ ಅಮೆರಿಕದಿಂದ ತರಿಸಿ, ಆಮೇಲೆ ತೆಗೆದುಕೊಳ್ಳಲೇ ಇಲ್ಲ. ಅದರ ಬದಿ ಎಷ್ಟು ದಪ್ಪ ಎಂದರೆ ಮೊಳೆ ಚುಚ್ಚಿ ಗಾಳಿಯೆಲ್ಲ ಹೋದರೂ ಚಪ್ಪಟೆಯಾಗುವುದಿಲ್ಲ. ನಿಧಾನವಾಗಿ ಹತ್ತಿರದ ವರ್ಕ್‌ಶಾಪಿನವರೆಗೆ ಓಡಿಸಬಹುದು, ಬಿಸಿಲಲ್ಲಿ ಜಾಕ್ ಹಾಕಿ ಕೂರಬೇಕಾಗಿಲ್ಲ. ಅಳತೆ ನೋಡಿದರೆ ಭಾವ ಓಡಿಸುವ ಕಾರಿಗೂ ಸರಿಯಾಗುತ್ತಿತ್ತು. ನನಗೆ ದೇವರೇ ಕಳಿಸಿದ ಹಾಗೆ ಕಂಡಿತು. ನಮ್ಮ ಫೋರ್‌ಮನ್, ಮಂಜೇಶ್ವರದ ಸಲಾಂಕ ಮಾತ್ರ ಬೇಡವೆಂದರು. 'ಗಾಳಿ ಹೋದ್ರೆ ಮೀಟರಲ್ಲಿ ಲೈಟ್ ಹತ್ತುವ ಗಾಡಿಗೆ ಮಾಡಿದ್ದು ಇದು. ನಿನ್ನ ಭಾವನ ಗಾಡಿಯಲ್ಲಿ ಆ ಲೈಟ್ ಎಲ್ಲಿದೆ ಮಾರಾಯ? ಗಾಳಿ ಹೋದದ್ದು ಗೊತ್ತಾಗುವುದಾದರೂ ಹೇಗೆ?' ಎಂದರು. ದಿನಾ ಗಾಳಿ ನೋಡಿಕೊಂಡರೆ ಆಯಿತಲ್ಲ ಎಂದು ನಾನು ವಾದಿಸಿದೆ. ಮಾತೇ ಆಡದ ನಾನು ಅವತ್ತು ಒಂದು ದಿನ ವಾದಿಸಿದೆ ನೋಡು. ಅಂಗಡಿ ನೋಡಿಕೊಳ್ಳುವ ಮುದೀರನಿಗೆ ಸರಕು ಖಾಲಿಯಾದರೆ ಸಾಕಿತ್ತು, ಹಾಕು ಎಂದ.

ಕಾರಿನ ಧಣಿ, ಭಾವನ ಅರ್ಬಾಬ್, ತಾನೇ ಕಾರಿನ ಜೊತೆ ಬಂದಿದ್ದ. ಇದೇನು ಟಯರು ಎಂದು ನನ್ನನ್ನೇ ಕೇಳಿದ. ದೊಡ್ಡವರ ಎದುರು ನನ್ನ ನಾಲಿಗೆ ಒಣಗುವುದು ನಿನಗೆ ಗೊತ್ತೇ ಇದೆ. ಇಲ್ಲಿ ನಾವೆಲ್ಲ ಆಡುವುದು ಅರ್ಧ ಅರಬಿ, ಅದರಲ್ಲಿ 'ಆದರೆ' ಎನ್ನುವುದೂ ನನಗೆ ಬಾರದು, 'ಹೋದರೂ' ಎನ್ನುವುದೂ ಬಾರದು. 'ಮಾಫಿ ಹವಾ, ಮಾಫಿ ಮುಷ್ಕಿಲ್' ಎಂದುಬಿಟ್ಟೆ. ಗಾಳಿ ಹೋದರೂ ಸ್ವಲ್ಪ ದೂರ ತೊಂದರೆಯಿಲ್ಲ ಎಂದು ನನ್ನ ಅರ್ಥ. ಗಾಳಿಯೂ ಇಲ್ಲ, ತೊಂದರೆಯೂ ಇಲ್ಲ ಎಂದು ಅವನು ತಿಳಿದ. ಅವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಬಾಯಲ್ಲಿ ಹಾಡಿನ ಹಾಗೆ ಹೇಳಿಕೊಂಡು ಕಾರು ಹತ್ತಿದ. ಆಮೇಲೆ ಭಾವ ಪೆಟ್ರೋಲ್ ಪಂಪಿನಲ್ಲಿ ಗಾಳಿ ನೋಡಲು ಇಳಿದಾಗಲೆಲ್ಲ, 'ಸೀನಾ, ಮಾಫಿ ಹವಾ, ಮಾಫಿ ಮುಷ್ಕಿಲ್! ಯಲ್ಲಾ!' ಎಂದು ನಕ್ಕು ಹೊರಡಿಸುತ್ತಿದ್ದನಂತೆ. ಭಾವನೂ ಗಾಳಿ ನೋಡುವುದನ್ನು ಬಿಟ್ಟರು. ಈ ಸಂಗತಿಯನ್ನು ಅವರು ನನಗೆ ತಮಾಷೆಯೆಂದು ಹೇಳಿದರು. ನಾನೂ ನಕ್ಕೆ ಅಕ್ಕಾ. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವರು ರೂಮಿನವರ ಎದುರು, 'ನಮ್ಮ ದುಗ್ಗು ಹಾಕಿಕೊಟ್ಟ ಟಯರು, ಇಡೀ ಕತಾರಲ್ಲಿ ಯಾರ ಹತ್ತಿರವೂ ಇಲ್ಲ' ಎಂದು ಹೊಗಳಲು ಶುರುಮಾಡಿದರು. ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ. ಸುಮ್ಮನಾದೆ. ಕಾರು ಈಗ ಬಹಳ ಕುಲುಕುತ್ತದೆ, ಸೊಂಟ ನೋಯುತ್ತದೆ ಎಂದು ಆಮೇಲೆ ಹೇಳಿದಾಗಲೂ ಸುಮ್ಮನಿದ್ದೆ. ಅದು ಆ ಗಟ್ಟಿ ಟಯರಿನಿಂದಲೇ ಎಂದು ನನಗೆ ತಿಳಿದಿತ್ತು.

ಹೋದ ತಿಂಗಳು ಅರ್ಬಾಬನ ತೋಟದಿಂದ ಬರುವಾಗ ಕಾರು ರೋಡು ಬಿಟ್ಟು ಮರಳಿಗೆ ನುಗ್ಗಿ ಬೋರ್ಡಿನ ಕಂಬಕ್ಕೆ ಹೊಡೆಯಿತು. ಹಿಂದೆ ಕೂತಿದ್ದ ಅರ್ಬಾಬನ ತಾಯಿಯ ಕೈ ಮುರಿಯಿತು. ಭಾವ ಆ ಅಜ್ಜಿಯನ್ನು ಎತ್ತಿ ಕೂರಿಸಿ, ಇನ್ನೊಂದು ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ್ದಾರೆ. 'ನಿದ್ದೆ ಹೋದೆಯಾ?' ಎಂದು ಅರ್ಬಾಬ್ ಕೇಳಿದನಂತೆ. ಕಾರು ಯಾಕೆ ಎಳೆಯಿತೆಂದು ಭಾವನಿಗೂ ಗೊತ್ತಿಲ್ಲವಲ್ಲ, ಇರಬಹುದು ಎಂದರಂತೆ. ಅಷ್ಟಕ್ಕೇ ಅವನು ಖಲಾಸ್ ಎಂದು ಕೀ ಕಿತ್ತುಕೊಂಡ.

ಕಂಬಕ್ಕೆ ಹೊಡೆದು ಹರಿದದ್ದೆಂದು ಎಲ್ಲರೂ ತಿಳಿದಿದ್ದ ಟಯರು ನಮ್ಮ ಅಂಗಡಿಗೇ ಬಂತು. ರಿಮ್ಮಿನಿಂದ ಬಿಡಿಸಿದವನು ನಾನೇ. ಒಳಗಿನಿಂದ ರಾಗಿಹಿಟ್ಟಿನ ಹಾಗೆ ರಬ್ಬರಿನ ಪುಡಿ ಸುರಿಯಿತು. ಗಾಳಿಯಿಲ್ಲದೆ ಬಹಳ ದೂರ ಜೋರಾಗಿ ಓಡಿ, ಒಳಗೊಳಗೇ ಕಾದು ಅರೆದು ಹರಿದಿದೆ. ಹೊರಗಿನಿಂದ ನೋಡಿದವರಿಗೆ ಕಡೆಯವರೆಗೂ ಗಾಳಿ ತುಂಬಿದ ಟಯರೇ. ಎಷ್ಟು ಎಚ್ಚರವಾಗಿ ಕೂತಿದ್ದರೂ ಭಾವನಿಗೆ ತಿಳಿಯುತ್ತಿರಲಿಲ್ಲ. ಸಲಾಂಕ ನನ್ನ ಮುಖ ನೋಡಿ, ಪೊರಕೆ ತಂದು ಆ ಪುಡಿಯನ್ನು ತಾವೇ ಗುಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಭಾವ ಈಗ ಊರಿನ ಟಿಕೆಟಿಗೆ ಕಾಯುತ್ತಿದ್ದಾರೆ. ಕೂತಲ್ಲೇ ಸ್ವಲ್ಪ ತಲೆ ವಾಲಿದರೂ ಬೆಚ್ಚಿ ಎದ್ದು, 'ನೋಡಿದೆಯಾ ದುಗ್ಗು, ಅವತ್ತೂ ಹೀಗೇ ಬಂದದ್ದು' ಎನ್ನುತ್ತಾರೆ. ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ, ಆ ಅಜ್ಜಿಯ ಜೀವ ಹೋಗಿದ್ದರೆ ಏನು ಗತಿ ಎನ್ನುತ್ತಾರೆ. ಮಾಡದ ತಪ್ಪನ್ನು ತನ್ನದೆಂದು ನಂಬಿಕೊಂಡ ಆ ಮನುಷ್ಯನ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತೇನೆ ನಾನು. ನೀನು ಅವರಿಗೆ ಏನೂ ಅನ್ನಬೇಡ ಅಕ್ಕಾ. ಅನ್ನುವುದಿದ್ದರೆ ನನಗೆ ಅನ್ನು.

ಅಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ದೀಕ್ಷಿತಾಳ ಕೆನ್ನೆ ಹಿಂಡಿ, ಮಾಮ ಕೇಳಿದರು ಎಂದು ಹೇಳು.

ನಿನ್ನ ತಮ್ಮ,
ದುಗ್ಗು

ವಿ.ಸೂ.: ಅಕ್ಕಾ, ಅವಸರದಲ್ಲಿ ಗೀಚುತ್ತಿದ್ದೇನೆ. ಕವರಿಗೆ ಹಾಕುವ ಮೊದಲು ಈ ಕಾಗದವನ್ನು ಭಾವನ ಕೈಗೆ ಕೊಟ್ಟು ಅಡುಗೆಕೋಣೆಯಲ್ಲಿ ಹೋಗಿ ನಿಂತೆ. ಓದಿ ಬಾಗಿಲಿಗೆ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. 'ಹಾಗಾದ್ರೆ ನನಗೆ ನಿದ್ರೆ ಬಂದದ್ದಲ್ಲವಾ?' ಎಂದರು. ಅಲ್ಲ ಭಾವ ಎಂದೆ. ಮತ್ತೆ ಅದನ್ನೇ ಕೇಳಿದರು. ಆಮೇಲೆ ನನ್ನನ್ನೂ ನಮ್ಮ ಇಡೀ ಕುಟುಂಬವನ್ನೂ ಸೇರಿಸಿ ಬೈದರು, ನಿನ್ನನ್ನೂ ಬಿಡಲಿಲ್ಲ. ಈಗ ಅಲ್ ರಯ್ಯಾನಿಗೆ, ಅರ್ಬಾಬನ ಮನೆಗೆ ಹೊರಟಿದ್ದೇವೆ. ನನ್ನ ಅರಬಿ ಸಾಲದು ಎಂದು ಸಲಾಂಕನೂ ಬರುತ್ತಾರೆ. ಅಂಗಡಿಯಲ್ಲಿ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಅಮ್ಮನಿಗೆ ಈಗಲೇ ಹೇಳಬೇಡ. ಪಕ್ಕದ ರೂಮಿನ ಜಲೀಲನ ಪಿಕಪ್ ಕೇಳಿ ತಂದಿದ್ದೇವೆ, ಕೆಳಗೆ ಒಂದೇ ಸಮನೆ ಹಾರ್ನ್ ಆಗುತ್ತಿದೆ. ಕಿಟಕಿಯಿಂದ ನೋಡಿದೆ. ಸ್ಟೇರಿಂಗ್ ಹಿಡಿದು ಕೂತವರು ಭಾವ.