ಹಿಂದಕ್ಕೆ ನಡೆಯುವ ಅಜ್ಜಿಗೆ ಎರಡು ಗಂಟೆ ದೂರದ ಹಾಸಿಗೆ

ಪ್ರಾಂತ್ಯದ ಆರೈಕೆ ವಸತಿ ಹಂಚಿಕೆ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಜ್ಜಿ ಹಿಂದಕ್ಕೆ ನಡೆಯುತ್ತಾಳೆ ಎಂಬ ಕಾರಣಕ್ಕೆ ತಾವು ಅವಳಿಗೆ ನಮ್ಮ ಹಾರ್ಲಾಕ್ ಊರಿನ ಆರೈಕೆ ಮನೆಯನ್ನು ನಿರಾಕರಿಸಿ, ಕಾರಿನಲ್ಲಿ ಎರಡು ಗಂಟೆ ದೂರದ ಕೊರ್ವಿನ್ ನಗರದಲ್ಲಿ, ಬೀಗ ಹಾಕಿದ ಮಹಡಿಯೊಂದರಲ್ಲಿ ಹಾಸಿಗೆ ಮಂಜೂರು ಮಾಡಿದ್ದೀರಿ. ಮಂಜೂರು ಮಾಡಿದ್ದಕ್ಕೆ ಮೊದಲು ಧನ್ಯವಾದ. ನಾನು ಅರ್ಧ ಇಂಗ್ಲಿಷರವಳು. ಯಾರಾದರೂ ನನ್ನ ಕಾಲು ತುಳಿದರೆ ನಾನೇ ಕ್ಷಮೆ ಕೇಳುವುದು ತಾಯಿಯ ಕಡೆಯಿಂದ ಬಂದ ಗುಣ. ಅದನ್ನು ಮುಗಿಸಿದ್ದೇನೆ. ಇನ್ನು ಮುಂದಿನದು ಜಗಳ. ಅದು ತಂದೆಯ ಕಡೆಯದು.

ಈ ವಿಷಯದಲ್ಲಿ ನನ್ನ ಅರ್ಹತೆ ಏನೆಂದು ತಾವು ಕೇಳಬಹುದು. ನಾನೂ ದಿನಾ ಕೇಳಿಕೊಳ್ಳುತ್ತೇನೆ. ಇಲ್ಲಿನ ಕಾಲೇಜಿನ ಮೊದಲ ವರ್ಷದಲ್ಲಿದ್ದು, ರಸಾಯನಶಾಸ್ತ್ರದ ಪರೀಕ್ಷೆಗೆ ಓದುವುದನ್ನು ಬಿಟ್ಟು ಪತ್ರಿಕೆಯ ಮೂಲಕ ತಮಗೆ ಬಹಿರಂಗ ಕಾಗದ ಬರೆಯುತ್ತಿರುವ ಹುಡುಗಿ ಆರೈಕೆ ಮನೆಗಳ ಬಗ್ಗೆ ಏನು ಬಲ್ಲಳು? ಆದರೆ ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಇಂಗ್ಲೆಂಡಿಗೆ ಮರಳಿ, ಅಲ್ಲಿನ ಹಾಸ್ಟೆಲ್ ಶಾಲೆಯೊಂದಕ್ಕೆ ಸೇರಿಸಿದಳು. ರಜೆ ಬಂದಾಗಲೆಲ್ಲ ಹಾರ್ಲಾಕಿನ ಅಜ್ಜಿ ಮನೆ, ಉಳಿದಂತೆ ಹಾಸ್ಟೆಲ್. ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ತಿಂದು ಬೆಳೆದವಳಿಗೆ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಕೆಲವು ಸಂಗತಿಗಳು ಮೂಗಿಗೇ ಗೊತ್ತಾಗುತ್ತವೆ. ಬಾಗಿಲು ತಟ್ಟಿ ತೆರೆಯುತ್ತಾರೋ, ತೆರೆದು ತಟ್ಟುತ್ತಾರೋ. ಟೀ ಬಿಸಿ ಇದೆಯೋ, ಒಂದು ಕಾಲದಲ್ಲಿ ಬಿಸಿ ಇತ್ತೋ. ಎದುರಿಗಿರುವವರ ಜೊತೆ ಮಾತಾಡುತ್ತಾರೋ, ಅವರ ತಲೆಯ ಮೇಲಿಂದ ಅವರ ಬಗ್ಗೆ ಮಾತಾಡುತ್ತಾರೋ. ಗೋಡೆಯ ಮೇಲೆ ‘ಇದು ನಿಮ್ಮದೇ ಮನೆ’ ಎಂದು ಬರೆದಿದ್ದರಂತೂ ಅದು ಯಾರ ಮನೆಯೂ ಅಲ್ಲವೆಂದು ನನಗೆ ಖಾತ್ರಿಯಾಗುತ್ತದೆ. ನಮ್ಮ ಹಾಸ್ಟೆಲಿನಲ್ಲೂ ಬರೆದಿದ್ದರು.

ಈ ಅಳತೆಗೋಲು ಹಿಡಿದು ನಾನು, ಅಜ್ಜಿ, ಮಾರಿಟ್ ಅತ್ತೆ ಮೂವರೂ ಆರೈಕೆ ಮನೆಗಳನ್ನು ನೋಡಲು ಹೊರಟೆವು. ಮಾರಿಟ್ ಅತ್ತೆ ಅಜ್ಜಿಯ ಮಗಳು, ಅಜ್ಜಿಯ ಜೊತೆಗೇ ಇರುವವಳು, ಊರಿನ ಶಾಲಾ ಬಸ್ಸು ಓಡಿಸುವವಳು. ಮೊದಲು ಹೋದದ್ದು ತಾವು ಈಗ ಕೊಟ್ಟಿರುವ ಕೊರ್ವಿನ್ನಿನ ಮನೆಗೆ. ಒಳ್ಳೆಯ ಕಟ್ಟಡ. ಮೀನಿನ ತೊಟ್ಟಿ ಇದೆ, ಕಾರ್ಪೆಟ್ ಇದೆ, ಮರೆವಿನ ಕಾಯಿಲೆಯವರಿಗಾಗಿ ಕಾರಿಡಾರಿನ ಕೊನೆಯಲ್ಲಿ ಒಂದು ಸುಳ್ಳು ಬಸ್ ನಿಲ್ದಾಣವೂ ಇದೆ: ಬೆಂಚು, ಕಂಬ, ಕಂಬಕ್ಕೆ ಬಸ್ಸಿನ ಚಿತ್ರ. ಮನೆಗೆ ಹೋಗಬೇಕೆಂದು ಹಟ ಹಿಡಿದವರನ್ನು ಅಲ್ಲಿ ಕೂರಿಸುತ್ತಾರಂತೆ. ಅಜ್ಜಿ ಬೆಂಚಿನ ಮೇಲೆ ಕೂತು ಎದುರಿನ ಗೋಡೆಯನ್ನು ನೋಡಿದಳು.

“ರಸ್ತೆ ಎಲ್ಲಿದೆ?” ಎಂದು ಕೇಳಿದಳು.

“ಬಸ್ಸು ಸ್ವಲ್ಪ ತಡ ಆಗುತ್ತೆ ಅಜ್ಜಿ, ಆರಾಮಾಗಿ ಕೂತ್ಕೊಳ್ಳಿ. ಇಲ್ಲಿ ಕೂತ್ರೆ ಎಲ್ಲರಿಗೂ ನೆಮ್ಮದಿ ಆಗುತ್ತೆ,” ಎಂದರು ಮನೆ ತೋರಿಸುತ್ತಿದ್ದವರು.

“ನಿನಗೆ ಆಗುತ್ತೇನಮ್ಮ, ಬಾರದೇ ಇರೋ ಬಸ್ಸಿಗೆ ಕಾದ್ರೆ?” ಎಂದಳು ಅಜ್ಜಿ. ಆಮೇಲೆ ಅತ್ತೆಯ ಕಡೆ ತಿರುಗಿ, “ನೀನಾದ್ರೂ ಇವರಿಗೆ ಹೇಳೇ, ನೀನು ಬಸ್ ಓಡಿಸೋಳಲ್ವಾ. ಗೋಡೆ ಒಡ್ಕೊಂಡು ಯಾವ ಬಸ್ಸು ಬರುತ್ತೆ?”

ಅತ್ತೆ ಕೆಮ್ಮು ಬಂದವಳಂತೆ ಹೊರಗೆ ಹೋದಳು. ನಗುವುದಕ್ಕೋ ಅಳುವುದಕ್ಕೋ ತಿಳಿಯಲಿಲ್ಲ. ಅಂದ ಹಾಗೆ ಮಾನ್ಯರೇ, ಹಾರ್ಲಾಕಿನಿಂದ ಕೊರ್ವಿನ್ನಿಗೆ ಇದ್ದ ನಿಜವಾದ ಬಸ್ಸು ನಿಂತು ವರ್ಷಗಳಾದವು. ಈ ಇಡೀ ದಾರಿಯಲ್ಲಿ ಉಳಿದಿರುವ ಏಕೈಕ ಬಸ್ ನಿಲ್ದಾಣ ಆ ಕಾರಿಡಾರಿನದು. ಅಜ್ಜಿಯನ್ನು ನೋಡಲು ಹೊರಡುವ ನಾನು ಎಲ್ಲಿ ಕಾಯಬೇಕು?

ಕೊನೆಗೆ ನೋಡಿದ್ದು ನಮ್ಮೂರಿನ ಮನೆ. ಅದನ್ನು ಹೊಗಳಲಾರೆ. ಗಂಜಿ ತಳ ಹಿಡಿದಿತ್ತು, ಪರದೆಗಳು ನನಗಿಂತ ಹಿರಿಯವು. ಆದರೆ ಟೀ ಬಿಸಿ ಇತ್ತು. ಮನೆ ನಡೆಸುವ ವರ್ನಾ ಅವರು ಬಾಗಿಲಲ್ಲೇ ಅಜ್ಜಿಯ ಕೈ ಹಿಡಿದು ಅಜ್ಜಿಯನ್ನೇ ಮಾತಾಡಿಸಿದರು.

“ರಾಗ್ನಾ, ನಮ್ಮಪ್ಪನ್ನ ಊಟಕ್ಕೂ ಬಿಡದೆ ಕೊನೇ ಕಲ್ಲಿನ ತನಕ ಆಡಿಸಿ ಸೋಲಿಸಿದೋರು ನೀವು. ಅವರು ಸಾಯೋ ತನಕ ಅದನ್ನೇ ಹೇಳ್ತಿದ್ರು.”

“ಸೋತಿದ್ದು ಸರಿ,” ಎಂದಳು ಅಜ್ಜಿ. “ಊಟ ಬಿಟ್ಟಿದ್ದು ಅವನ ತಪ್ಪು.”

ಅಷ್ಟರಲ್ಲಿ ಅವಳ ಕಣ್ಣಿಗೆ ಉದ್ದನೆಯ, ನೇರವಾದ, ಎರಡೂ ಕಡೆ ಹಿಡಿಕಂಬಿಯಿರುವ ಕಾರಿಡಾರು ಬಿತ್ತು. ಅಜ್ಜಿ ಬೆನ್ನು ತಿರುಗಿಸಿ, ಬಲಗೈಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹಿಂದು ಹಿಂದಕ್ಕೆ ನಡೆಯತೊಡಗಿದಳು. ಮುಗಿಯಿತು, ಇವರು ಬೇಡವೆನ್ನುತ್ತಾರೆ ಎಂದುಕೊಂಡೆ. ವರ್ನಾ ಅವರು ಏನು ಮಾಡಿದರು ಗೊತ್ತೇ? “ಐಸ್ ಇನ್ನೂ ಹಸಿ ಇದೆ, ಎಲ್ಲ ಪಕ್ಕಕ್ಕೆ ಬನ್ರಪ್ಪಾ,” ಎಂದು ಕೂಗಿದರು. ಟೀ ಕುಡಿಯುತ್ತಿದ್ದ ಮುದುಕರು, ಗಾಲಿಕುರ್ಚಿಯವರು, ಬಟ್ಟೆ ಒಗೆಯುವ ಹೆಂಗಸು, ಎಲ್ಲರೂ ಗೋಡೆಗೆ ಸರಿದು ನಿಂತರು. ಒಬ್ಬ ಅಜ್ಜ ಟೋಪಿ ತೆಗೆದು, “ಇವತ್ತು ಕಲ್ಲು ಚೆನ್ನಾಗಿ ಓಡುತ್ತೆ ಅನ್ಸುತ್ತೆ ರಾಗ್ನಾ,” ಎಂದರು. ಅಜ್ಜಿ ಕೈ ಬೀಸುತ್ತಲೇ ಅವರನ್ನು ದಾಟಿ ಹೋದಳು. ಕೆಲಸದ ಹೊತ್ತಿನಲ್ಲಿ ಅವಳು ಯಾರಿಗೂ ಉತ್ತರಿಸಿದವಳಲ್ಲ.

ಹಾರ್ಲಾಕಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ತಮಗೆ ವಿವರಿಸಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ. ಕರ್ಲಿಂಗ್ ಎಂದರೆ ಭಾರದ ಕಲ್ಲನ್ನು ಐಸಿನ ಮೇಲೆ ಜಾರಿಸಿ, ಅದರ ಮುಂದೆ ಪೊರಕೆಯಿಂದ ಗುಡಿಸುತ್ತಾ ಗುರಿ ಮುಟ್ಟಿಸುವ ಆಟ; ಆ ಆಟದ ಐಸಿನ ಅಂಗಳವಾದ ಊರಿನ ರಿಂಕಿನಲ್ಲಿ ಆಡುತ್ತಿದ್ದವಳೂ, ಐಸ್ ಮಾಡುತ್ತಿದ್ದವಳೂ ನನ್ನ ಅಜ್ಜಿ. ಕನ್ನಡಿಯಂತೆ ನುಣ್ಣಗಿರುವ ಐಸಿನ ಮೇಲೆ ಕಲ್ಲು ಅಂಟಿಕೊಳ್ಳುತ್ತದೆ, ಓಡುವುದಿಲ್ಲ. ಅದು ಜಾರಬೇಕಾದರೆ ಐಸಿನ ಮೇಲೆ ಸಣ್ಣ ಸಣ್ಣ ಹನಿಗಳನ್ನು ಚಿಮುಕಿಸಿ ಹೆಪ್ಪುಗಟ್ಟಿಸಬೇಕು. ಅದಕ್ಕಾಗಿ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೊಳವೆ ಬೀಸುತ್ತಾ, ಹಿಂದಕ್ಕೆ ನಡೆಯುತ್ತಾರೆ. ಮುಂದಕ್ಕೆ ನಡೆದರೆ ತಾನು ಹಾಕಿದ ಹನಿಯನ್ನು ತಾನೇ ತುಳಿದ ಹಾಗೆ. ನಾನು ಮಗುವಾಗಿದ್ದಾಗಿನಿಂದಲೂ ಅವಳು ಪ್ರತಿ ಚಳಿಗಾಲ ಹೀಗೆ ನಡೆದಿದ್ದಾಳೆ, ಒಮ್ಮೆಯೂ ಬಿದ್ದಿಲ್ಲ. ಬಿದ್ದದ್ದು ನಾನು, ಮುಂದಕ್ಕೆ ನಡೆದು.

ಈಗ ತಾವು ನಮ್ಮ ಮನೆಗೆ ಬಂದ ದಿನಕ್ಕೆ ಬರೋಣ. ತಾವು ಸೌಜನ್ಯದಿಂದಲೇ ನಡೆದುಕೊಂಡಿರಿ. ಅತ್ತೆ ಮಾಡಿದ ಆಲೂಗಡ್ಡೆ ರೊಟ್ಟಿಯನ್ನು ಸಕ್ಕರೆ ಬೆಣ್ಣೆಯ ಜೊತೆ ಎರಡು ಸಲ ಹಾಕಿಸಿಕೊಂಡಿರಿ. ಆಮೇಲೆ ಪ್ರಶ್ನೆ ಶುರುವಾಯಿತು. ಇದು ಯಾವ ತಿಂಗಳು ಎಂದು ಕೇಳಿದಿರಿ. ಅಜ್ಜಿ ಕಿಟಕಿಯಾಚೆ ನೋಡಿ, “ಐಸ್ ಹಾಕೋ ಕಾಲ,” ಎಂದಳು. ತಾವು ತಪ್ಪು ಎಂದು ಗುರುತು ಹಾಕಿಕೊಂಡಿರಿ. ಮಾನ್ಯರೇ, ಅದು ಅಕ್ಟೋಬರ್. ಅಕ್ಟೋಬರಿನಲ್ಲೇ ನಮ್ಮಲ್ಲಿ ಐಸ್ ಹಾಕುವುದು. ಈಗಿನ ಪ್ರಧಾನಿ ಯಾರು ಎಂದಿರಿ. “ಯಾರಾದ್ರೂ ಇರ್ತಾರೆ ಬಿಡಿ. ರಿಂಕಿನ ಛಾವಣಿ ಸೋರ್ತಿದ್ದಾಗ ಬಂದೋರಂತೂ ಅಲ್ಲ,” ಎಂದಳು. ಅದೂ ತಪ್ಪಾಯಿತು. ರಾಜ್ಯಶಾಸ್ತ್ರ ಓದುವ ನನ್ನ ಗೆಳತಿಯ ಪ್ರಕಾರ ಅದು ಪೂರ್ತಿ ಅಂಕದ ಉತ್ತರ.

ನಡುವೆ ಅಜ್ಜಿ ಎದ್ದು ಅಡುಗೆಮನೆಯ ದಾರಿಯಲ್ಲಿ ಹಿಂದಕ್ಕೆ ನಡೆದಳು. ಅತ್ತೆ ಕಾರಣ ಹೇಳಲು ಬಾಯಿ ತೆರೆದಾಗ ತಾವು, “ಪರವಾಗಿಲ್ಲ, ಇಂಥದನ್ನ ತುಂಬಾ ನೋಡಿದೀನಿ,” ಎಂದಿರಿ. ಯಾವ ಊರಿನಲ್ಲಿ ನೋಡಿದಿರೋ ತಿಳಿಯದು. ವರದಿಯಲ್ಲಿ ಬಂದದ್ದು ಹೀಗೆ: ‘ಗುರಿಯಿಲ್ಲದ ಅಲೆದಾಟ, ಹಿಮ್ಮುಖ. ಬೀಳುವ ಅಪಾಯ ಅಧಿಕ. ಬೀಗವಿರುವ ಘಟಕ ಅಗತ್ಯ.’ ಹಾರ್ಲಾಕಿನ ಮನೆಗೆ ಬೀಗದ ಮಹಡಿ ಇಲ್ಲ. ಅಲ್ಲಿಗೆ ಈ ಒಂದು ಸಾಲು ಅಜ್ಜಿಯ ಊರನ್ನೇ ಅಳಿಸಿಬಿಟ್ಟಿತು.

ಅಜ್ಜಿಗೆ ಕಾಯಿಲೆಯೇ ಇಲ್ಲ, ಅವಳು ಮನೆಯಲ್ಲೇ ಇರಲಿ ಎಂದು ನಾನು ವಾದಿಸುತ್ತಿಲ್ಲ. ಕಾಯಿಲೆ ಇದೆ. ನೀರಿಲ್ಲದ ಕೆಟಲನ್ನು ಒಲೆಯ ಮೇಲಿಟ್ಟು ಮರೆಯುತ್ತಾಳೆ. ಹೋದ ಜನವರಿಯಲ್ಲಿ ಮುಂಬಾಗಿಲು ತೆರೆದಿಟ್ಟು, ಮನೆ ಚಪ್ಪಲಿಯಲ್ಲಿ ರಿಂಕಿಗೆ ಹೊರಟಿದ್ದಳು. ಮನೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು, ಅವಳ ಕಾಲ್ಬೆರಳು ಸ್ವಲ್ಪದರಲ್ಲಿ ಉಳಿಯಿತು. ಮಾರಿಟ್ ಅತ್ತೆ ಒಂದು ಕಣ್ಣು ತೆರೆದೇ ಮಲಗುತ್ತಾಳೆ, ಬೆಳಿಗ್ಗೆ ಎದ್ದು ಊರಿನ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಹೊತ್ತು ಸಾಗುತ್ತಾಳೆ. “ಇನ್ನು ಆಗಲ್ಲ ಕಣೇ ಟಿಲ್ಡಾ. ನಾನು ಕೆಟ್ಟವಳು ಅಂತ ಅಂದ್ಕೋಬೇಡ,” ಎಂದು ಫೋನಿನಲ್ಲಿ ಹೇಳಿದಳು. ಅಂದುಕೊಳ್ಳಲಿಲ್ಲ. ಅಜ್ಜಿ ಆರೈಕೆ ಮನೆಗೆ ಹೋಗಲೇಬೇಕು. ಯಾವ ಮನೆ ಎಂಬುದಷ್ಟೇ ಪ್ರಶ್ನೆ. ಹಾರ್ಲಾಕಿನದಾದರೆ ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಅತ್ತೆ ದಿನಾ ಹೋಗಿ ಬರಬಹುದು. ಊರಿನವರು ದಾರಿಯಲ್ಲಿ ಹೋಗುತ್ತಾ ಒಳಗೆ ಇಣುಕಬಹುದು. ಕೊರ್ವಿನ್ನಾದರೆ ಭಾನುವಾರ, ಅದೂ ಹೆದ್ದಾರಿ ಮುಚ್ಚದಿದ್ದರೆ. ಚಳಿಗಾಲದಲ್ಲಿ ನಮ್ಮ ಹೆದ್ದಾರಿ ಎಷ್ಟು ಭಾನುವಾರ ತೆರೆದಿರುತ್ತದೆಂದು ತಮ್ಮದೇ ಸರ್ಕಾರದ ಬೇರೆ ಇಲಾಖೆಯನ್ನು ಕೇಳಿ. ವರ್ನಾ ಅವರ ಮನೆಯಲ್ಲಿ ಒಂದು ಕೋಣೆ ಈ ತಿಂಗಳ ಕೊನೆಗೆ ಖಾಲಿಯಾಗುತ್ತಿದೆ. “ನಮ್ಮ ಹತ್ರ ಬೀಗ ಇಲ್ಲ, ಆದ್ರೆ ಜನ ಇದಾರೆ. ಅವರ ಹಿಂದೆ ಯಾರಾದ್ರೂ ನಡೀತಾರೆ,” ಎಂದು ಅವರು ತಮಗೆ ಬರೆದು ಕಳಿಸಿದ್ದಾರೆ. ತಾವು ಓದಿರಬಹುದು. ಓದದೆಯೂ ಇರಬಹುದು, ತಮ್ಮ ಕಚೇರಿಯ ಫೋನು ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎಂದು ಹೇಳಿ ಪಿಟೀಲು ಬಾರಿಸುವುದನ್ನು ಮಾತ್ರ ನಾನು ಬಲ್ಲೆ.

ತಮ್ಮ ವರದಿಯ ಕೊನೆಯ ಸಾಲು ಇದಕ್ಕಿಂತ ದೊಡ್ಡದು: ‘ಸ್ಥಳಾಂತರಕ್ಕೆ ನಿವಾಸಿಯು ಹಸ್ತಲಾಘವದ ಮೂಲಕ ಸಂತೋಷದಿಂದ ಸಮ್ಮತಿಸಿರುತ್ತಾರೆ.’

ನಾನು ಅಲ್ಲೇ ಇದ್ದೆ. ತಾವು ಕಡತ ಮುಚ್ಚಿ, “ಕೊರ್ವಿನ್ನಲ್ಲಿ ಒಳ್ಳೆ ಜಾಗ ಇದೆ ನಿಮಗೆ,” ಎಂದಿರಿ. ಅಜ್ಜಿ ಕೈಗಳಲ್ಲಿ ಇಲ್ಲದ ಕೈಗವಸುಗಳನ್ನು ಒಂದೊಂದಾಗಿ ಎಳೆದು ತೆಗೆದಳು. ಕೈ ಚಾಚಿ, “ಚೆನ್ನಾಗಿ ಆಡಿದ್ರಿ,” ಎಂದಳು.

ಮಾನ್ಯರೇ, ನಮ್ಮ ಆಟದಲ್ಲಿ ಇನ್ನೂ ಕಲ್ಲುಗಳು ಉಳಿದಿರುವಾಗಲೇ ಗವಸು ತೆಗೆದು ಕೈ ಕೊಟ್ಟರೆ, ‘ನಾನು ಸೋತೆ, ಇನ್ನು ಆಡುವುದಿಲ್ಲ’ ಎಂದರ್ಥ. ಊರಿನವರೆಲ್ಲ ಬಲ್ಲಂತೆ ನನ್ನ ಅಜ್ಜಿ ತನ್ನ ಜೀವಮಾನದಲ್ಲಿ ಹಾಗೆ ಕೈ ಕೊಟ್ಟವಳಲ್ಲ. ಗೆಲ್ಲುವ ದಾರಿಯೇ ಇಲ್ಲದ ಆಟವನ್ನೂ ಕೊನೆಯ ಕಲ್ಲಿನವರೆಗೆ ಎಳೆದು ಎದುರಾಳಿಗಳ ಊಟ ಆರಿಸಿದವಳು. ತಾವು ನಗುತ್ತಾ ಕೈ ಕುಲುಕಿದಿರಿ. ಮಾರಿಟ್ ಅತ್ತೆ ಎದ್ದು ಹೊರಗೆ ಹೋಗಿ ಬಸ್ಸಿನೊಳಗೆ ಕೂತಳು. ಬಹಳ ಹೊತ್ತು ಒಳಗೆ ಬರಲಿಲ್ಲ. ಇದು ಸಂತೋಷದ ಸಮ್ಮತಿಯಾದರೆ ಸಂತೋಷವಿಲ್ಲದ್ದು ಹೇಗಿರುತ್ತದೆಂದು ತಾವು ದಯವಿಟ್ಟು ತಿಳಿಸಬೇಕು.

ನಮ್ಮ ಊರಿನ ಆಟಗಳಿಗೆ ತೀರ್ಪುಗಾರರಿಲ್ಲ. ಓಡುತ್ತಿರುವ ಕಲ್ಲಿಗೆ ನನ್ನ ಪೊರಕೆ ತಾಕಿದರೆ, ಬೇರೆ ಯಾರೂ ನೋಡಿರದಿದ್ದರೂ, ‘ತಾಕಿಸಿದ್ದು ನಾನು’ ಎಂದು ನಾನೇ ಹೇಳಬೇಕು. ಅಜ್ಜಿ ನನಗೆ ಐಸಿನ ಮೇಲೆ ನಿಲ್ಲುವುದಕ್ಕೂ ಮೊದಲು ಕಲಿಸಿದ್ದು ಇದನ್ನು. “ಹೇಳಿದ್ರೆ ಒಂದು ಕಲ್ಲು ಹೋಗುತ್ತೆ ಪುಟ್ಟಿ. ಹೇಳದಿದ್ರೆ ನಾಳೆ ನಿನ್ನ ಜೊತೆ ಯಾರು ಆಡ್ತಾರೆ?” ನನ್ನ ಬೇಡಿಕೆ ಇಷ್ಟೇ. ಕಲ್ಲು ಇನ್ನೂ ಓಡುತ್ತಿದೆ. ತಮ್ಮ ಪೊರಕೆ ತಾಕಿದೆ. ತಾವಾಗಿಯೇ ಹೇಳಿಬಿಡಿ. ‘ಗುರಿಯಿಲ್ಲದ’ ಎಂಬ ಪದವನ್ನೂ ‘ಸಂತೋಷದಿಂದ’ ಎಂಬ ಪದವನ್ನೂ ಹೊಡೆದುಹಾಕಿ, ಬೀಗದ ಷರತ್ತನ್ನು ತೆಗೆದು, ತಿಂಗಳ ಕೊನೆಯಲ್ಲಿ ಖಾಲಿಯಾಗುವ ಹಾರ್ಲಾಕಿನ ಕೋಣೆಯನ್ನು ರಾಗ್ನಾ ಟೋರ್ಗರ್ಸನ್ ಅವರ ಹೆಸರಿಗೆ ಬರೆಯಿರಿ. ನಂಬಿಕೆಯಾಗದಿದ್ದರೆ ಮತ್ತೊಮ್ಮೆ ಬಂದು, ಆ ಕಾರಿಡಾರಿನ ಗೋಡೆಗೆ ಒತ್ತಿ ನಿಂತು, ಅವಳು ನಡೆಯುವುದನ್ನು ನೋಡಿ.

ಹೇಗೂ ತಾವು ಒಮ್ಮೆ ಬರಲೇಬೇಕಾಗಿದೆ. ಆಟ ಮುಗಿದ ಮೇಲೆ ಗೆದ್ದವರು ಸೋತವರ ಮೇಜಿಗೆ ಬಂದು ಕೂತು, ತಮ್ಮ ಖರ್ಚಿನಲ್ಲಿ ಒಂದು ಸುತ್ತು ಕುಡಿಸುವುದು ನಮ್ಮ ರಿಂಕಿನ ಪದ್ಧತಿ. ವಿಸ್ಕಿಯೇ ಆಗಬೇಕೆಂದಿಲ್ಲ, ಕಾಫಿಯೂ ನಡೆಯುತ್ತದೆ. ಅಂದು ತಾವು ಕೈ ಕುಲುಕಿ, ರಸ್ತೆಯಲ್ಲಿ ಹಿಮ ಬೀಳುವ ಮೊದಲು ಹೊರಡಬೇಕೆಂದು ಹೇಳಿ ಹೋದಿರಿ. ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಎರಡು ಲೋಟ ಇಟ್ಟು, ಎದುರಿನ ಕುರ್ಚಿಯನ್ನು ತಮಗಾಗಿ ಹೊರಗೆಳೆದು ಕೂತಳು. ತಮ್ಮ ಕಾರು ತಿರುವು ದಾಟಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ.

“ಅವರು ಹೋದ್ರು ಅಜ್ಜಿ,” ಎಂದೆ.

“ಹೋಗಲ್ಲ ಪುಟ್ಟಿ, ಗೆದ್ದೋರು ಹಾಗೆ ಹೋಗಲ್ಲ,” ಎಂದಳು. “ಆಟದ ಬೂಟು ಬದಲಾಯಿಸ್ತಿರಬೇಕು. ಬರ್ತಾರೆ.”

ಇಂತಿ, ಆ ಕುರ್ಚಿಯನ್ನು ಇನ್ನೂ ಒಳಗೆ ಸರಿಸದವಳು,
ಜಗಳ ಆಡಿದ್ದಕ್ಕೆ ಅರ್ಧದಷ್ಟು ಕ್ಷಮೆ ಕೋರುತ್ತಾ,
ಟಿಲ್ಡಾ ಟೋರ್ಗರ್ಸನ್