ಚಾವಡಿಯ ಸೂರು ಬಿಚ್ಚಿದವರಿಗೆ

ಪುರಾತನ ಕಟ್ಟಡಗಳ ಮೇಲಧಿಕಾರಿಗಳಿಗೆ,

ಮಾನ್ಯರೇ, ಈ ಕಾಗದ ಓದುತ್ತಿರುವವರು ನೀವೋ ನಿಮ್ಮ ಗುಮಾಸ್ತರೋ, ಯಾರಾದರೂ ಸರಿ, ಮೊದಲು ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕುಳಿತುಕೊಳ್ಳಿ. ಮುಂಚೆ ಕಳಿಸಿದ ಎರಡು ಕಾಗದಗಳನ್ನು ಮಡಿಚಿ ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿರಬೇಕು ನೀವು. ಅದಕ್ಕೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಮ್ಮೂರ ಚಾವಡಿಯ ಮರದ ಸೂರನ್ನು ಪರಿಶೀಲನೆ ಮಾಡುತ್ತೇವೆಂದು ಬಿಚ್ಚಿದಿರಿ. ಈಗ ಜೋಡಿಸಲು ಬರುವುದಿಲ್ಲವೆಂದು ಮರವನ್ನೆಲ್ಲ ಬರುವ ತಿಂಗಳು ಸೌದೆಯಂತೆ ಹರಾಜು ಹಾಕುತ್ತೀರಂತೆ. ಮನೆಯ ಮಗು ಗಡಿಯಾರ ಬಿಚ್ಚಿ ಹಾಕಿದರೆ ಬೆನ್ನಿಗೆ ಒಂದು ಬೀಳುತ್ತದೆ. ನಿಮ್ಮ ಕಚೇರಿಯಲ್ಲಿ ಅದಕ್ಕೆ ಬಡ್ತಿ ಕೊಡುತ್ತಾರೋ ಏನೋ.

ನಾನು ಕೂಲಿಮಠದಲ್ಲಿ ಎರಡು ವರ್ಷ ಓದಿದವಳು. ಆದರೆ ಆಚಾರಿಗಳ ಮನೆಯಲ್ಲಿ ಐವತ್ತು ವರ್ಷ ಬಾಳಿದ್ದೇನೆ. ಆ ಸೂರನ್ನು ಕಟ್ಟಿದವರು ನಮ್ಮ ಯಜಮಾನರ ತಾತ. ಒಂದು ಮೊಳೆ ಹೊಡೆದಿಲ್ಲ. ತೊಲೆಯ ತುದಿ ಕಂಬದ ತಲೆಯೊಳಗೆ ಹೋಗಿ ಕೂರುತ್ತದೆ. ಯಾವುದು ಎಲ್ಲಿಗೆ ಎಂದು ಆ ತುದಿಯಲ್ಲೇ, ಹೊರಗೆ ಕಾಣದಂತೆ, ಉಳಿಯಿಂದ ಗೀಟು ಕೊರೆದಿದ್ದಾರೆ. ಜೀಪಿನಲ್ಲಿ ಬಂದ ನಿಮ್ಮ ಪರಿಶೀಲಕರಿಗೆ ಯಜಮಾನರು ಇದನ್ನು ಹೇಳಿದರು.

“ಗೀಟು ನೋಡ್ಕಂಡು ಇಳಿಸ್ರಪ್ಪಾ. ನಂಗೆ ಕಣ್ಣು ಹೋಗಿದ್ರೂ ಬೆರಳಾಡ್ಸಿ ಹೇಳ್ತೀನಿ.”

“ತಾತ, ನಾವು ಶಾಸ್ತ್ರೀಯವಾಗಿ ನಂಬರು ಹಾಕ್ತೀವಿ. ನೀವು ನೆರಳಲ್ಲಿ ಕೂತ್ಕೊಳ್ಳಿ.”

ಶಾಸ್ತ್ರೀಯ ನಂಬರು ಎಂದರೆ ಸೀಮೆಸುಣ್ಣ. ಮರಗಳನ್ನು ಬಯಲಲ್ಲಿ ಪೇರಿಸಿ ಹೋದರು. ಮುಂಗಾರಿನ ಒಂದೇ ಮಳೆಗೆ ನಂಬರುಗಳೆಲ್ಲ ಚರಂಡಿ ಸೇರಿದವು. ಮಳೆಗಾಲದಲ್ಲಿ ಮಳೆ ಬರುತ್ತದೆಂದು ನಿಮ್ಮ ಪುಸ್ತಕಗಳಲ್ಲಿ ಬರೆದಿಲ್ಲವೇ? ಅದೂ ಸಾಲದೆ, ಮರ ಯಾವ ಜಾತಿಯದೆಂದು ತಿಳಿಯಲು ಹನ್ನೊಂದು ತೊಲೆಗಳ ತುದಿ ಕೊಯ್ದು ಪೊಟ್ಟಣ ಕಟ್ಟಿ ಒಯ್ದರು. ಗೀಟಿದ್ದ ತುದಿಗಳನ್ನೇ. ಕೇಳಿದ್ದರೆ ಹೊನ್ನೆ ಎಂದು ನಾನೇ ಹೇಳುತ್ತಿದ್ದೆ. ಅದರ ಹೊಟ್ಟಿನಲ್ಲೇ ಇಷ್ಟು ವರ್ಷ ನೀರೊಲೆ ಉರಿಸಿದ್ದೇನೆ.

ಮತ್ತೊಮ್ಮೆ ಅವರು ಬಂದಾಗ ಯಜಮಾನರು, ತುದಿ ಕೊಯ್ಯದೆ ಉಳಿದಿದ್ದ ಒಂದು ತೊಲೆಯನ್ನು ಸವರಿ, “ಇದು ಬಾಗಿಲಿಂದ ಮೂರ್ನೇದು. ಇದರಡೀಲಿ ದೀಪ ಇಡ್ತಿದ್ರು. ಮಗುಚಿ ನೋಡಿ” ಎಂದರು. ನಮ್ಮ ಮಗ ಆಂಜಿನಪ್ಪ ಮಗುಚಿದ. ಅಂಗೈಯಗಲ ಮಸಿ.

“ತಾತನಿಗೆ ಏನೋ ನೆನಪಿರ್ಬೇಕು. ನೆನಪನ್ನೆಲ್ಲ ವರದಿಗೆ ಹಾಕೋಕಾಗಲ್ಲ” ಎಂದರು ನಿಮ್ಮ ವಿದ್ವಾಂಸರು.

“ವರದಿಗೆ ಹಾಕ್ಬೇಡ ಕಣಪ್ಪಾ, ಕಂಬದ ಮೇಲೆ ಹಾಕು” ಎಂದೆ. ಅವರು ಜೀಪು ಹತ್ತಿದರು.

“ಜೋಡಣೆಯ ಮೂಲ ಕ್ರಮ ತಿಳಿದುಬರಲಿಲ್ಲ” ಎಂದು ನಿಮ್ಮ ವರದಿ ಹೇಳುತ್ತದೆ. ತಿಳಿದವರು ಎದುರಿಗೇ, ನೀವು ತೋರಿಸಿದ ನೆರಳಿನಲ್ಲೇ ಕುಳಿತಿದ್ದರಲ್ಲ. ಅವರ ಹೆಸರನ್ನಾದರೂ ಕೇಳಿದಿರಾ? ದಿನವೂ ಆ ಮರದ ರಾಶಿಯ ಬಳಿ ಕುಳಿತು, ನಲವತ್ತಮೂರು ಮರಗಳಲ್ಲಿ ಮೂವತ್ತೆರಡರ ಜಾಗ ಹೇಳಿದ್ದಾರೆ. ಮಳೆಗೆ ಅಳಿಯದ ಹಾಗೆ ಆಂಜಿನಪ್ಪ ಹೊಸ ಗೀಟು ಕೊರೆದಿದ್ದಾನೆ. ಮಿಕ್ಕ ಹನ್ನೊಂದು ಮೂಗರಂತೆ ಬಿದ್ದಿವೆ. ಈಚೆಗೆ ಯಜಮಾನರ ಬಲಗೈಗೆ ಜೋಮು ಹಿಡಿಯುತ್ತಿದೆ. ಹೋದ ವಾರ ಒಂದೇ ಗೀಟನ್ನು ಮೂರು ಸಲ ಸವರಿ, “ಎಡಗೈ ಇದೆ ಬಿಡು” ಎಂದರು. ಆ ಬೆರಳುಗಳು ನಿಮ್ಮ ಕಡತ ಮೇಲೇರುವವರೆಗೆ ಕಾಯುವುದಿಲ್ಲ.

ಹರಾಜು ನಿಲ್ಲಿಸಿ. ಪೊಟ್ಟಣ ಕಟ್ಟಿದ ಹನ್ನೊಂದು ತುಂಡುಗಳನ್ನು ಹಾಗೆಯೇ ಹಿಂದಕ್ಕೆ ಕಳಿಸಿ. ತೊಳೆಯಬೇಡಿ, ಉಜ್ಜಬೇಡಿ, ಮೇಲೆ ಏನನ್ನೂ ಬರೆಯಬೇಡಿ. ತುಂಡು ಸಿಕ್ಕರೆ ತೊಲೆಯ ಜಾಗ ಸಿಕ್ಕುತ್ತದೆ. ಹೊಸ ತುದಿ ಬೆಸೆಯುವುದು ಆಂಜಿನಪ್ಪನಿಗೆ ಗೊತ್ತು. ನಿಮ್ಮ ಪರಿಶೀಲಕರೂ ಧಾರಾಳವಾಗಿ ಬರಲಿ. ಈ ಸಲ ನೆರಳಲ್ಲಿ ಕೂರುವ ಸರದಿ ಅವರದು.

ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ಸೀಮೆಸುಣ್ಣದಲ್ಲಿ ಬೇಡ.

ಇಂತಿ,
ನೀವು ಹೆಸರು ಕೇಳದ ಕುರುಡು ಆಚಾರಿಯ ಹೆಂಡತಿ
ಮುನಿವೆಂಕಟಮ್ಮ
ಜಡಿಗೇನಹಳ್ಳಿ ಹೋಬಳಿ, ಜುಲೈ 1969